ತೊಗರಿ ಹೊಲದ ಪಾಠ ಬರೆಯುವವರು ಯಾರು?

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕಲಬುರಗಿ ಜಿಲ್ಲೆಯಲ್ಲಿ ಒಂದು ವಾರ ತಲೆ ತಗ್ಗಿಸುವ ಕೆಲಸ ನಡೆಯುತ್ತದೆ. 2025ರಲ್ಲಿ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಎಲ್ಲರಿಗಿಂತ ಮೇಲಿತ್ತು. ಕಲಬುರಗಿ ಶೇ 42.43 ಪಡೆದು ಕಟ್ಟಕಡೆಗೆ ನಿಂತಿತು. ಆಮೇಲೆ ಸಭೆಗಳಾಗುತ್ತವೆ, ನೋಟಿಸು ಹೋಗುತ್ತವೆ, ಬೆಳಗಿನ ಹೆಚ್ಚುವರಿ ತರಗತಿಗಳ ವೇಳಾಪಟ್ಟಿ ಬರುತ್ತದೆ. ಈಚೆಗೆ ಈ ಸಾಲಿಗೆ ಇನ್ನೊಂದು ಪರಿಹಾರ ಸೇರಿಕೊಂಡಿದೆ: ಸ್ಮಾರ್ಟ್ ಕ್ಲಾಸ್. ಗೋಡೆಗೊಂದು ದೊಡ್ಡ ಪರದೆ, ಅದಕ್ಕೆ ಇಂಟರ್ನೆಟ್, ಬೆಂಗಳೂರಿನಲ್ಲೋ ಮತ್ತೆಲ್ಲೋ ಕುಳಿತ ನುರಿತ ಶಿಕ್ಷಕರ ವಿಡಿಯೊ ಪಾಠ. ಇಷ್ಟಾದರೆ ಈ ಜಿಲ್ಲೆಯ ಯಡ್ರಾಮಿಯ ಮಗುವಿಗೂ ಮಂಗಳೂರಿನ ಮಗುವಿಗೂ ಅಂತರ ಉಳಿಯದು ಎಂಬ ನಂಬಿಕೆ ಇದರ ಹಿಂದಿದೆ.

ಹತ್ತನೇ ತರಗತಿಯಲ್ಲಿ ಬಿದ್ದ ಮಗು ಎಡವಿದ್ದು ಹತ್ತರಲ್ಲಿ ಅಲ್ಲವೆಂದು ಪಾಠ ಹೇಳುವವರೆಲ್ಲ ಬಲ್ಲರು. ಅಕ್ಷರ ಕೂಡಿಸಿ ಓದುವುದು ಮುಗಿದು, ಓದಿದ್ದರಿಂದ ವಿಷಯ ತಿಳಿದುಕೊಳ್ಳಬೇಕಾದ ನಾಲ್ಕು, ಐದನೇ ತರಗತಿಯಲ್ಲೇ ಅದು ಹಿಂದೆ ಬಿದ್ದಿರುತ್ತದೆ. ಪುಸ್ತಕದಲ್ಲಿ ಇರುವುದಕ್ಕೂ ತನ್ನ ಬದುಕಿಗೂ ಏನೋ ಸಂಬಂಧವಿದೆ ಎಂದು ಅದಕ್ಕೆ ಅನಿಸುವುದು ನಿಂತದ್ದೂ ಅಲ್ಲೇ. ಹಾಗಾಗಿ ಬ್ಲಾಗು, ಜಾಲತಾಣ, ಆನ್‌ಲೈನ್ ಸಾಮಗ್ರಿಗಳಿಂದ ಪ್ರಯೋಜನವಾಗುವುದಾದರೆ ಅದು ಪ್ರಾಥಮಿಕ ಶಾಲೆಯಲ್ಲೇ ಆಗಬೇಕು. ಆದರೆ ನಾವು ಈಗ ಯೋಚಿಸುತ್ತಿರುವ ರೀತಿಯಲ್ಲಿ ಆಗಲಾರದು. ಪರದೆಯ ಮುಂದೆ ಮಕ್ಕಳನ್ನು ಕೂಡಿಸುವುದಕ್ಕಿಂತ, ಮಕ್ಕಳು ಬರೆದದ್ದು ಊರಾಚೆ ಹೋಗಿ ಇನ್ನೊಬ್ಬರು ಓದುವಂತೆ ಮಾಡುವುದರಲ್ಲಿ ಈ ಸಾಧನದ ನಿಜವಾದ ಬೆಲೆ ಇದೆ ಎಂಬುದು ನನ್ನ ವಾದ.

ಯಡ್ರಾಮಿ 2018ರಲ್ಲಿ ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಎರೆ ನೆಲ, ತೊಗರಿ, ಹತ್ತಿ, ಜೋಳ. ಸುತ್ತಲೂ ತಾಂಡಾಗಳು. ದಸರೆ, ದೀಪಾವಳಿ ದಾಟಿದ ಮೇಲೆ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು. ಶಾಲೆಯ ಮಾಧ್ಯಮ ಕನ್ನಡವಾದರೂ ಮನೆಯಲ್ಲಿ ಲಂಬಾಣಿಯೋ ದಖನಿ ಉರ್ದುವೋ ಆಡುವ ಮಕ್ಕಳು ಅದೇ ಬೆಂಚಿನ ಮೇಲೆ ಕೂತಿರುತ್ತಾರೆ. ಅತ್ತ ಆಳಂದ, ಅಫಜಲಪುರದ ಗಡಿಗೆ ಹೋದರೆ ಮರಾಠಿಯೂ ಸೇರುತ್ತದೆ. ಐದು ತರಗತಿಗೆ ಇಬ್ಬರು ಶಿಕ್ಷಕರು, ಅವರಲ್ಲೊಬ್ಬರು ಅತಿಥಿ ಶಿಕ್ಷಕರು ಎಂಬುದು ಈ ಸೀಮೆಯಲ್ಲಿ ಯಾರನ್ನೂ ಬೆರಗುಗೊಳಿಸುವ ಸುದ್ದಿಯಲ್ಲ. ಇಂಥ ಶಾಲೆಗೆ ದೂರದಿಂದ ಪಾಠ ಕಳಿಸಿ ಕೊರತೆ ತುಂಬಿಸುವ ಆಸೆ ಹುಟ್ಟುವುದು ಸಹಜ. ಅದು ಹೊಸ ಆಸೆಯೂ ಅಲ್ಲ.

ಆಕಾಶವಾಣಿಯ ಮೂಲಕ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಬಂದವು. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತವು. 2017ರ ಶಿಕ್ಷಕರ ದಿನಾಚರಣೆಯಂದು ದೀಕ್ಷಾ ವೇದಿಕೆ ಶುರುವಾಗಿ ಪಠ್ಯಪುಸ್ತಕದ ಪುಟಗಳಲ್ಲಿ ಕ್ಯುಆರ್ ಕೋಡ್ ಕಾಣಿಸಿಕೊಂಡಿತು. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ತರಗತಿಗಳು ನಡೆದವು. ಇವೆಲ್ಲ ಸದುದ್ದೇಶದ ಕೆಲಸಗಳೇ; ಕೆಲವು ಚೆನ್ನಾಗಿಯೂ ಇದ್ದವು. ಆದರೆ ಒಂದರಲ್ಲೂ ಯಡ್ರಾಮಿಯ ಮಗು ಮಾತಾಡಲಿಲ್ಲ. ಮಾತು ಆ ಕಡೆಯಿಂದ ಬರುತ್ತಿತ್ತು, ಈ ಕಡೆ ಕಿವಿಗಳಿದ್ದವು. ತಂತ್ರ ಬದಲಾಗುತ್ತ ಹೋಯಿತು. ಮಗುವಿನ ಪಾತ್ರ ಮಾತ್ರ ಹಾಗೇ ಉಳಿಯಿತು.

ಕೋವಿಡ್ ಕಾಲ ಇದರ ಲೆಕ್ಕವನ್ನು ನಿಷ್ಠುರವಾಗಿ ಒಪ್ಪಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ 82. ಇದೇ ಹೊತ್ತಿಗೆ, 2020ರ ಆಗಸ್ಟಿನಲ್ಲಿ, ಕರ್ನಾಟಕ ಬೇರೆಯದೊಂದನ್ನು ಮಾಡಿ ನೋಡಿತ್ತು. ವಿದ್ಯಾಗಮ. ಶಿಕ್ಷಕರೇ ಊರಿಗೆ, ಓಣಿಗೆ, ತಾಂಡಾಕ್ಕೆ ನಡೆದುಹೋಗಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಸಿಗ್ನಲ್ ಇಲ್ಲದ ಕಡೆ ಶಿಕ್ಷಕರ ಕಾಲು ಎಷ್ಟು ದೂರ ಹೋಗಬಲ್ಲದು ಎಂದು ಆ ಎರಡು ತಿಂಗಳು ತೋರಿಸಿಕೊಟ್ಟವು.

ಹೊರಗಿನ ಅನುಭವವೂ ಬೇರೆಯಲ್ಲ. ಯುನೆಸ್ಕೊ 2023ರಲ್ಲಿ ಶಿಕ್ಷಣ ಮತ್ತು ತಂತ್ರಜ್ಞಾನದ ಬಗ್ಗೆ ಹೊರತಂದ ಜಾಗತಿಕ ವರದಿ ಪೆರು ದೇಶದ ಉದಾಹರಣೆ ಕೊಡುತ್ತದೆ: ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು, ಕಲಿಸುವ ಕ್ರಮದೊಳಗೆ ಅದನ್ನು ಹೆಣೆಯಲಿಲ್ಲ, ಕಲಿಕೆ ಸುಧಾರಿಸಲಿಲ್ಲ.

ಹಾಗಾದರೆ ಅಂತರ್ಜಾಲವನ್ನು ಪ್ರಾಥಮಿಕ ಶಾಲೆಯ ಹೊಸ್ತಿಲಾಚೆಗೇ ಬಿಡುವುದೇ? ಒಂದರಿಂದ ಮೂರನೇ ತರಗತಿಯ ಮಟ್ಟಿಗೆ ನನ್ನ ಉತ್ತರ ಹೌದು. ಅಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಬರೆದುಕೊಂಡರು. ಆ ಪದ್ಧತಿ ಈ ಶತಮಾನದ ಮೊದಲ ದಶಕದ ಕೊನೆಗೆ ರಾಜ್ಯದ ಎಲ್ಲ ಕನ್ನಡ ಶಾಲೆಗಳಿಗೆ ಬಂತು. ಬಂದಾಗ ಕಾರ್ಡುಗಳು ಅಚ್ಚಾಗಿ ಬಂದವು, ಮಾಡುವ ಸುಖ ಮಾತ್ರ ಹೆಗ್ಗಡದೇವನಕೋಟೆಯಲ್ಲೇ ಉಳಿಯಿತು. ಶಿಕ್ಷಕರು ತಯಾರಿಸುವವರಾಗಿದ್ದಾಗ ಯೋಜನೆ ಜೀವಂತವಾಗಿರುತ್ತದೆ, ಬಳಸುವವರಷ್ಟೇ ಆದಾಗ ಅದು ಇನ್ನೊಂದು ಸುತ್ತೋಲೆಯಾಗುತ್ತದೆ. ಆನ್‌ಲೈನ್ ಸಾಮಗ್ರಿಯ ಬಗ್ಗೆ ಯೋಚಿಸುವಾಗ ಈ ಅನುಭವ ಕಣ್ಣೆದುರು ಇರಬೇಕು.

ನಾಲ್ಕನೇ ತರಗತಿಯಿಂದ ಮೇಲೆ, ಅಂತರ್ಜಾಲ ಮೊದಲು ಬೇಕಾಗಿರುವುದು ಶಿಕ್ಷಕರಿಗೆ. ಅದೂ ತರಗತಿಗೆ ಹೋಗುವ ಮುನ್ನ. ಕನ್ನಡದಲ್ಲಿ ಕೈಗೆಟಕುವಂಥದ್ದು ತೀರಾ ಕಡಿಮೆಯೇನಿಲ್ಲ. ಶಿಕ್ಷಕರೇ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವಿದೆ. 2015ರಲ್ಲಿ ಪ್ರಥಮ್ ಬುಕ್ಸ್ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು, ತಿದ್ದಿ ಬೇರೆ ಮಟ್ಟಕ್ಕೆ ಹೊಂದಿಸಬಹುದು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತರ ತಾಣವಿದೆ. ಅಲ್ಲಿನ ಅರ್ಧ ಪ್ರಯೋಗಗಳಿಗೆ ಕಡ್ಡಿಪೆಟ್ಟಿಗೆ, ಸೈಕಲ್ ವಾಲ್ವ್ ಟ್ಯೂಬಿಗಿಂತ ಹೆಚ್ಚಿನದೇನೂ ಬೇಡ.

ನಮ್ಮ ಶಿಕ್ಷಕರ ಬ್ಲಾಗುಗಳ ವಿಷಯವನ್ನೂ ಹೇಳಬೇಕು. ಕನ್ನಡದಲ್ಲಿ ಅವು ಸಾಕಷ್ಟಿವೆ, ನಡೆಸುವವರ ಶ್ರಮವೂ ದೊಡ್ಡದು. ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಸಿಗುವುದು ಸುತ್ತೋಲೆ, ತುಟ್ಟಿಭತ್ಯೆಯ ಆದೇಶ, ಕ್ರಿಯಾಯೋಜನೆಯ ನಮೂನೆ, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಪರೀಕ್ಷೆಯ ಅಂಕವಹಿ, ಪ್ರಶ್ನೋತ್ತರಗಳ ನೋಟ್ಸ್. ಇಲಾಖೆ ಕೇಳುವ ದಾಖಲೆ ಅಷ್ಟಿರುವಾಗ ಶಿಕ್ಷಕರು ಒಬ್ಬರಿಗೊಬ್ಬರು ನೆರವಾಗುವುದು ಆ ದಾರಿಯಲ್ಲೇ. ಅದು ಅವರ ತಪ್ಪಲ್ಲ. ಆದರೆ ‘ಈ ಪಾಠ ನನ್ನ ತರಗತಿಯಲ್ಲಿ ಹೀಗೆ ಕೈಕೊಟ್ಟಿತು, ಹೀಗೆ ತಿರುಗಿಸಿದ ಮೇಲೆ ಮಕ್ಕಳಿಗೆ ಹತ್ತಿತು’ ಎಂಬ ಬರಹಕ್ಕೆ ಅಲ್ಲಿ ಹುಡುಕಾಡಬೇಕು. ಸಿಕ್ಕದ್ದರಲ್ಲೂ ಎಷ್ಟೋ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾಗಿ ಪಿಡಿಎಫ್ ಆಗಿರುತ್ತವೆ, ಇಲ್ಲವೇ ಪುಟದ ಫೋಟೊ ತೆಗೆದು ಹಾಕಿರುತ್ತಾರೆ. ಯುನಿಕೋಡ್ ಅಲ್ಲದ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ಹೀಗಾಗಿ ಒಬ್ಬ ಶಿಕ್ಷಕಿ ರಾತ್ರಿ ಕೂತು ಮಾಡಿದ ಕೆಲಸ ಇನ್ನೊಂದು ತಾಲ್ಲೂಕಿನವರಿಗೆ ಇದ್ದೂ ಇಲ್ಲದಂತೆ. ಒಟ್ಟು ಕನ್ನಡದ ಜಾಲವೇ ತೆಳುವಾಗಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರ ದಾಟಿರುವ ಹೊತ್ತಿಗೆ ತಮಿಳಿನವು 1.5 ಲಕ್ಷ ದಾಟಿವೆ. 1936ರಲ್ಲಿ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ವಿಶ್ವಕೋಶ ಬರೆದ ಭಾಷೆ ಇದು!

ಈ ಕೊರತೆಯನ್ನು ಯಾರು ತುಂಬಬೇಕು? ತೊಗರಿಯ ಪಾಠವನ್ನೇ ತೆಗೆದುಕೊಳ್ಳಿ.

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2022ರಲ್ಲಿ ನೆಟೆ ರೋಗ ಬಂದು ಜಿಲ್ಲೆಯ ಉದ್ದಕ್ಕೂ ಹೂ, ಕಾಯಿ ಹಿಡಿದ ಬೆಳೆ ನಿಂತಲ್ಲೇ ಒಣಗಿತು. ಆ ವರ್ಷ ಐದನೇ ತರಗತಿಯಲ್ಲಿದ್ದ ಮಗುವಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಶಾಲೆಯ ಪರಿಸರ ಅಧ್ಯಯನ ಪುಸ್ತಕದಲ್ಲಿ ಆ ಮಾತಿಗೆ ಜಾಗವಿರಲಿಲ್ಲ, ಇರಲೂ ಸಾಧ್ಯವಿಲ್ಲ. ಅದು ಇಡೀ ರಾಜ್ಯಕ್ಕೆ ಒಂದೇ ಪುಸ್ತಕ. ಇಲ್ಲಿ ಅಂತರ್ಜಾಲ ಬಲ್ಲ ಶಿಕ್ಷಕಿಯೊಬ್ಬರು ಏನು ಮಾಡಬಹುದಿತ್ತು ಎಂದು ಯೋಚಿಸೋಣ. ನೆಟೆ ರೋಗ ತರುವುದು ಫ್ಯುಸೇರಿಯಂ ಎಂಬ ಶಿಲೀಂಧ್ರ, ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಬೇರಿನಿಂದ ಹೊಕ್ಕು ನೀರು ಏರುವ ನಾಳ ಕಟ್ಟಿಸುತ್ತದೆ, ಜೋಳದೊಂದಿಗೆ ಬೆಳೆ ಬದಲಿಸಿದರೆ ಅದರ ಉಪಟಳ ತಗ್ಗುತ್ತದೆ ಎಂಬ ಮಾಹಿತಿ ಅವರಿಗೆ ಒಂದು ಸಂಜೆಯಲ್ಲಿ ಸಿಗುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಈ ರೋಗದ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ರೋಗ ತಡೆಯುವ ‘ಮಾರುತಿ’ ತಳಿ 1980ರ ದಶಕದಲ್ಲೇ ಬಂತು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್ ತಳಿ ಕೊಟ್ಟಿದೆ. ಮರುದಿನ ತರಗತಿಯಲ್ಲಿ ಇದನ್ನು ಪರದೆಯ ಮೇಲೆ ತೋರಿಸಬೇಕಾದ್ದಿಲ್ಲ. ‘ನಿಮ್ಮಪ್ಪ ಯಾವ ಬೀಜ ಬಿತ್ತಿದ್ದ? ಹೋದ ವರ್ಷ ಅದೇ ಹೊಲದಾಗ ಏನಿತ್ತು? ಒಂದು ಸಾಲಿನಾಗ ಎಷ್ಟು ಗಿಡ, ಎಷ್ಟು ಒಣಗ್ಯಾವ?’ ಎಂದು ಕೇಳಿದರೆ ಸಾಕು. ಟಿಎಸ್-3ಆರ್ ಹೆಸರು ಶಿಕ್ಷಕಿಗಿಂತ ಮೊದಲೇ ಮಕ್ಕಳಿಗೆ ಗೊತ್ತಿರುತ್ತದೆ. ಮಕ್ಕಳು ಹೊಲಕ್ಕೆ ಹೋಗಿ ಎಣಿಸಿ ಬರುತ್ತಾರೆ. ನೂರರಲ್ಲಿ ಎಷ್ಟು ಎಂಬ ಲೆಕ್ಕ ಬರುತ್ತದೆ, ಅದೇ ಶೇಕಡಾ. ಒಣಗಿದ ಗಿಡ ಕಿತ್ತು ಕಾಂಡ ಸೀಳಿ ಒಳಗಿನ ಕಂದು ಗೆರೆ ನೋಡುತ್ತಾರೆ. ಆರೋಗ್ಯದ ಗಿಡದ ಬೇರಿನಲ್ಲಿ ಗಂಟುಗಳು ಕಾಣಿಸಿದರೆ ಸಾರಜನಕದ ಪಾಠ ಎದ್ದು ನಿಲ್ಲುತ್ತದೆ. ಕೊನೆಗೆ ಕಂಡದ್ದನ್ನು ಬರೆಯುತ್ತಾರೆ.

ಆ ಬರಹ ಅಂತರ್ಜಾಲಕ್ಕೆ ಹೋಗಬೇಕಾದ ವಸ್ತು. ಏಕೆಂದರೆ ಅದು ಅಲ್ಲಿ ಇಲ್ಲ. ನೆಟೆ ರೋಗದ ವಿಜ್ಞಾನ ಇಂಗ್ಲಿಷಿನಲ್ಲಿ ಧಾರಾಳವಾಗಿದೆ, ಪರಿಹಾರದ ಸುದ್ದಿ ಪತ್ರಿಕೆಗಳಲ್ಲಿದೆ. ಯಡ್ರಾಮಿ ಸೀಮೆಯ ಒಂದು ಹೊಲದಲ್ಲಿ ಯಾವ ಸಾಲಿನಲ್ಲಿ ಎಷ್ಟು ಗಿಡ ಉಳಿದವು ಎಂಬುದು ಆ ಮಕ್ಕಳ ಬಳಿ ಮಾತ್ರ ಇದೆ. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ನೀರು ಯಾವ ಮನೆಯ ಯಾವ ಮೆಟ್ಟಿಲಿಗೆ ಬಂದಿತ್ತು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಅಜ್ಜಿ ಏನು ಹೇಳುತ್ತಾಳೆ, ಗುಳೆ ಹೋದ ಮನೆಯ ಎಮ್ಮೆಯನ್ನು ಯಾರು ನೋಡಿಕೊಳ್ಳುತ್ತಾರೆ... ಇಂಥ ಜ್ಞಾನ ಯಾವ ಸ್ಟುಡಿಯೋದಿಂದಲೂ ಬರುವಂಥದ್ದಲ್ಲ.

ಮಕ್ಕಳ ಬರಹವನ್ನು ಊರಾಚೆ ಕಳಿಸುವ ಈ ಕೆಲಸವನ್ನು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಒಬ್ಬ ಹಳ್ಳಿ ಮೇಷ್ಟ್ರು ಮಾಡಿ ತೋರಿಸಿದ್ದರು. ಫ್ರಾನ್ಸಿನ ಸೆಲೆಸ್ತಾ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿ ತರಗತಿಯಲ್ಲಿ ಹೆಚ್ಚು ಹೊತ್ತು ಮಾತಾಡಲಾಗದ ಮನುಷ್ಯ. 1924ರಲ್ಲಿ ಬಾರ್-ಸ್ಯುರ್-ಲೂ ಎಂಬ ಗುಡ್ಡದ ಹಳ್ಳಿಯ ಶಾಲೆಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ಊರು ಸುತ್ತಿ ಬಂದು ಹೇಳಿದ್ದನ್ನು ಬರೆದರು, ಬರೆದದ್ದನ್ನು ಒಟ್ಟಾಗಿ ತಿದ್ದಿದರು, ಅಕ್ಷರ ಜೋಡಿಸಿ ಅಚ್ಚು ಹಾಕಿದರು. ಎರಡು ವರ್ಷದ ಮೇಲೆ ದೇಶದ ಇನ್ನೊಂದು ತುದಿಯ ಕಡಲ ತೀರದ ಟ್ರೆಗಂಕ್ ಶಾಲೆಗೂ ಇವರಿಗೂ ಬರಹಗಳ ವಿನಿಮಯ ಶುರುವಾಯಿತು. ಗುಡ್ಡದ ಮಕ್ಕಳು ತಮ್ಮ ಊರಿನದು ಬರೆದರೆ ಕಡಲ ಮಕ್ಕಳು ತಮ್ಮದು. ಓದುವ ಇನ್ನೊಂದು ಮಗು ಇದೆ ಎಂದು ಗೊತ್ತಾದ ಕೂಡಲೇ ಕಾಗುಣಿತ ಸರಿಯಿರಬೇಕು, ವಾಕ್ಯ ಅರ್ಥವಾಗಬೇಕು ಎಂಬುದು ಮೇಷ್ಟ್ರ ಹಟವಾಗಿ ಉಳಿಯಲಿಲ್ಲ, ಮಕ್ಕಳದೇ ಗರಜಾಯಿತು.

ನಮ್ಮಲ್ಲಿಯೂ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆಗಳ ಒಳ್ಳೆಯ ಪರಂಪರೆಯಿದೆ. ಶಾಲೆಯ ಬ್ಲಾಗು ಅದರ ಮುಂದಿನ ಪುಟ ಅಷ್ಟೇ. ಇನ್ನೂ ಒಂದು ಹೆಜ್ಜೆ ಹಾಕಿ, ಯಡ್ರಾಮಿಯ ಶಾಲೆಯೊಂದನ್ನು ದಕ್ಷಿಣ ಕನ್ನಡದ ಕಡಲೂರಿನ ಶಾಲೆಯೊಂದಕ್ಕೆ ಜೋಡಿಸಿದರೆ? ಪಟ್ಟಿಯ ತುದಿಯೂ ತಳವೂ ಸೇರಿದಂತಾಗುತ್ತದೆ. ತೊಗರಿ ಗಿಡವನ್ನೇ ಕಾಣದ ಮಗು ‘ನೆಟೆ ಅಂದರೇನು’ ಎಂದು ಕೇಳುತ್ತದೆ. ಮಳೆಗಾಲದಲ್ಲಿ ಮೀನು ಹಿಡಿಯುವುದನ್ನು ಯಾಕೆ ನಿಲ್ಲಿಸುತ್ತೀರಿ ಎಂದು ಈ ಕಡೆಯಿಂದ ಪ್ರಶ್ನೆ ಹೋಗುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಜಿಲ್ಲೆಯ ಮಗು ಇಲ್ಲಿ ಹೇಳಿಕೊಡುವ ಜಾಗದಲ್ಲಿ ಕೂತಿರುತ್ತದೆ. ವರ್ಷವಿಡೀ ‘ಹಿಂದುಳಿದ’ ಎಂಬ ಮಾತನ್ನೇ ಕೇಳುವ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಆಕ್ಷೇಪಗಳಿವೆ. ಓದಲು ಬಾರದ ಮಕ್ಕಳಿಗೆ ಬ್ಲಾಗು ಯಾಕೆ, ಮೊದಲು ಕಾಗುಣಿತ ಕಲಿಸಿ ಎನ್ನುವವರಿದ್ದಾರೆ. ಓದು ಬಂದ ಮೇಲೆ ಬರಹ, ಬರಹ ಬಂದ ಮೇಲೆ ಓದುಗರು ಎಂಬ ಸಾಲು ನೋಡಲು ಅಚ್ಚುಕಟ್ಟು. ಮಕ್ಕಳು ಹಾಗೆ ಕಲಿಯುವುದಿಲ್ಲ. ಬರೆಯಲು ಬಾರದ ಮಗು ಹೇಳಿದ್ದನ್ನು ಪಕ್ಕದ ಮಗು ಬರೆದುಕೊಂಡು, ಅದನ್ನೇ ಮೊದಲನೆಯದು ಬೆರಳಿಟ್ಟು ಓದಿದರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ತನ್ನ ಮಾತನ್ನೇ ಓದುವಾಗ ಅರ್ಥವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಭಾಷೆಯ ವಿಷಯದಲ್ಲೂ ಇಷ್ಟು ಸಡಿಲು ಬೇಕು: ಮೊದಲ ಕರಡು ಮನೆಯ ಮಾತಿನಲ್ಲಿರಲಿ. ಶಿಷ್ಟ ಕನ್ನಡಕ್ಕೆ ತಿದ್ದುವುದು ಎರಡನೇ ದಿನದ ಕೆಲಸ.

ಕರೆಂಟ್, ನೆಟ್‌ವರ್ಕ್ ಇಲ್ಲವಲ್ಲ ಎಂಬುದು ಇನ್ನೊಂದು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ಬಿಲ್ಲಿನ ಚಿಂತೆ ಹೋಯಿತು, ಕರೆಂಟ್ ಹೋಗುವುದು ನಿಂತಿಲ್ಲ. ಆದರೆ ನಾನು ಹೇಳುತ್ತಿರುವ ಕೆಲಸಕ್ಕೆ ತರಗತಿಯಲ್ಲಿ ನೆಟ್ ಬೇಕಾಗಿಯೇ ಇಲ್ಲ. ಮಕ್ಕಳು ಕಾಗದದ ಮೇಲೆ ಬರೆಯುತ್ತಾರೆ. ಶಿಕ್ಷಕರು ಸಿಗ್ನಲ್ ಸಿಗುವ ಕಡೆ ಒಂದು ಫೋನಿನಿಂದ ಏರಿಸುತ್ತಾರೆ. ಬಂದ ಉತ್ತರವನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಇದರ ನಿಜವಾದ ಖರ್ಚು ಶಿಕ್ಷಕರ ಹೊತ್ತು. ಅದನ್ನು ಯಾರೂ ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪರದೆ ಕೊಳ್ಳುವ ದುಡ್ಡಿನಲ್ಲಿ ಸ್ವಲ್ಪವನ್ನು ಕ್ಲಸ್ಟರಿಗೊಬ್ಬರಂತೆ ಬರಹ ಸಹಾಯಕರಿಗೆ, ಶಿಕ್ಷಕರು ಈ ಕೆಲಸಕ್ಕೆ ಕೂರುವ ಶನಿವಾರದ ಮಧ್ಯಾಹ್ನಕ್ಕೆ ಕೊಟ್ಟರೆ ಹೆಚ್ಚು ಫಲ ಸಿಗುತ್ತದೆ ಎಂದು ನನಗನಿಸುತ್ತದೆ. ಪರದೆಗೆ ಉದ್ಘಾಟನೆ ಇರುತ್ತದೆ, ಶನಿವಾರದ ಮಧ್ಯಾಹ್ನಕ್ಕೆ ಇರುವುದಿಲ್ಲ ಎಂಬುದು ಬೇರೆ ಮಾತು.

ಮಕ್ಕಳ ಖಾಸಗಿತನದ ಆಕ್ಷೇಪ ಇವೆರಡಕ್ಕಿಂತ ಭಾರವಾದದ್ದು. ದೀಕ್ಷಾದಂಥ ಸರ್ಕಾರಿ ವೇದಿಕೆಯಲ್ಲೇ ಶಿಕ್ಷಕರ, ವಿದ್ಯಾರ್ಥಿಗಳ ವಿವರಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಭದ್ರತೆಯಿಲ್ಲದ ಸರ್ವರಿನಲ್ಲಿ ತೆರೆದು ಬಿದ್ದಿದ್ದವೆಂಬ ವರದಿ 2023ರ ಜನವರಿಯಲ್ಲಿ ಬಂತು. ಅದೇ ವರ್ಷ ಬಂದ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಶಾಲೆಗಳಲ್ಲಿ ಬಿಸಿಯೂಟದಿಂದ ಹಿಡಿದು ಯೋಗದವರೆಗೆ ಮಕ್ಕಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿಬಿಟ್ಟಿದೆ. ಯೂಟ್ಯೂಬಿಗೂ ಅವು ಹೋಗುತ್ತವೆ. ಶಾಲೆಯ ಬ್ಲಾಗು ಇನ್ನೊಂದು ಫೋಟೊ ಗೋಡೆಯಾಗುವುದಾದರೆ ಅದು ಬೇಡವೇ ಬೇಡ. ಮಗುವಿನ ಮುಖ, ಪೂರ್ತಿ ಹೆಸರು, ಮನೆಯ ಗುರುತು ಹೊರಗೆ ಹೋಗಕೂಡದು. ‘ಐದನೇ ತರಗತಿ’ ಎಂಬಷ್ಟೇ ಸಹಿ ಸಾಕು. ಬರಹ ಹೋಗಲಿ, ಕೈಯಿಂದ ಬಿಡಿಸಿದ ಚಿತ್ರ ಹೋಗಲಿ. ಏನು ಹೋಗುತ್ತಿದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ತಾಯಂದಿರಿಗೆ ಓದಿ ಹೇಳಲಿ.

ಮಕ್ಕಳ ಕೈಗೆ ಫೋನ್ ಕೊಡುವ ವಿಷಯದಲ್ಲಿ ನನಗೆ ಉತ್ಸಾಹವಿಲ್ಲ. 14ರಿಂದ 16ರ ವಯಸ್ಸಿನವರಲ್ಲಿ ಶೇ 57ರಷ್ಟು ಮಂದಿ ಓದಿಗೆ ಸ್ಮಾರ್ಟ್‌ಫೋನ್ ಬಳಸಿದ್ದರೆ ಶೇ 76ರಷ್ಟು ಮಂದಿ ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದರು ಎಂದು 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿ ದೇಶದ ಗ್ರಾಮೀಣ ಭಾಗದ ಬಗ್ಗೆ ಹೇಳಿತು. ಹತ್ತು ವರ್ಷದ ಮಗುವನ್ನು ಆ ಸಾಲಿಗೆ ಬೇಗ ಸೇರಿಸುವ ಅವಸರ ಯಾಕೆ? ಒಂದು ವಿನಾಯಿತಿ ಮಾತ್ರ ಒಪ್ಪುತ್ತೇನೆ. ಗುಳೆ ಹೋದ ಮಗು ಪುಣೆಯ ಕಟ್ಟಡದ ಶೆಡ್ಡಿನಲ್ಲಿದ್ದಾಗ, ಅಪ್ಪನ ಫೋನಿನಲ್ಲಿ ತನ್ನ ತರಗತಿಯ ಬರಹ ಓದಿ, ತಾನಿರುವ ಕಡೆಯದನ್ನು ಅವ್ವನ ಕೈಲಿ ಹೇಳಿಸಿ ಕಳಿಸಿದರೆ, ಹಾಜರಿ ಪುಸ್ತಕದಲ್ಲಿ ಇಲ್ಲದ ಮಗು ತರಗತಿಯಲ್ಲಿ ಇರುತ್ತದೆ. ಮರಳಿ ಬಂದಾಗ ಮತ್ತೆ ಶಾಲೆಯ ಮೆಟ್ಟಿಲು ಹತ್ತುವ ಸಂಭವವೂ ಹೆಚ್ಚು.

ಕೊನೆಯ ತೊಡಕು ತಂತ್ರದ್ದಲ್ಲ, ಅಂಜಿಕೆಯದು. ಮಕ್ಕಳಿಗೆ ಕಂಡದ್ದು ಬರೆಯಿರಿ ಎಂದರೆ ಅವರು ಕಂಡದ್ದನ್ನೇ ಬರೆಯುತ್ತಾರೆ. ನೆಟೆ ರೋಗದ ಪರಿಹಾರ ನಮ್ಮಪ್ಪಗ ಬಂದಿಲ್ಲ ಎಂದು ಬರೆಯುತ್ತಾರೆ. ಶೌಚಾಲಯಕ್ಕೆ ಬೀಗ ಹಾಕಿರುತ್ತದೆ, ಸಾಂಬಾರು ನೀರಾಗಿರುತ್ತದೆ, ಗಣಿತದ ಸರ್ ಬರುವುದು ವಾರಕ್ಕೆರಡು ದಿನ ಎಂದೂ ಬರೆದಾರು. ಅದು ಊರಾಚೆ ಹೋದರೆ ಮೊದಲು ನೋಟಿಸು ಬರುವುದು ಬ್ಲಾಗು ನಡೆಸುವ ಶಿಕ್ಷಕಿಗೆ. ಈ ಭಯ ಇರುವವರೆಗೆ ಶಾಲೆಯ ಬ್ಲಾಗಿನಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣ, ಪರಿಸರ ದಿನದ ಘೋಷಣೆಗಳಷ್ಟೇ ಸಿಗುತ್ತವೆ. ಇದಕ್ಕೊಂದು ದಾರಿ ನಮ್ಮ ಪಂಚಾಯಿತಿ ವ್ಯವಸ್ಥೆಯಲ್ಲೇ ಇದೆ: ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ. ಹಲವೆಡೆ ಅದು ಹಾಜರಿ, ಬಿಸ್ಕತ್ತು, ಫೋಟೊಗಳಲ್ಲಿ ಮುಗಿಯುತ್ತದೆ. ಶಾಲೆಯ ಕುಂದುಕೊರತೆಯ ಬರಹಗಳನ್ನು ಮಕ್ಕಳು ಮೊದಲು ಅಲ್ಲಿ ಓದಲಿ. ಪಿಡಿಒ, ಮುಖ್ಯಶಿಕ್ಷಕರು, ಅಧ್ಯಕ್ಷರು ಕೊಟ್ಟ ಉತ್ತರವನ್ನು ಐದನೇ ತರಗತಿಯವರೇ ಬರೆದುಕೊಳ್ಳಲಿ. ಇಂತಿಷ್ಟು ದಿನದಲ್ಲಿ ಬೀಗ ತೆಗೆಯುತ್ತೇವೆ ಎಂದವರ ಮಾತು, ತಾರೀಖಿನ ಸಮೇತ, ಪ್ರಶ್ನೆಯ ಕೆಳಗೇ ಪ್ರಕಟವಾಗಲಿ. ಮುಂದಿನ ವರ್ಷದ ಐದನೇ ತರಗತಿ ಆ ತಾರೀಖನ್ನು ತೆರೆದು ನೋಡುತ್ತದೆ.